ಮುಚ್ಚಳದಷ್ಟು ಹೆಂಡ

ಹೆಂಡದ ಬಾಟಲಿಯ ಮುಚ್ಚಳದಲ್ಲಿ ಹಿಡಿಯುವುದು ನಾಲಿಗೆ ಒದ್ದೆಯಾಗುವಷ್ಟು ಮಾತ್ರ. ನನಗದು ಗೊತ್ತಿತ್ತು. ಗೊತ್ತಿದ್ದೂ, ಅದೇ ಮುಚ್ಚಳವನ್ನು ಹಿಡಿದು, ಯಲ್ಲದಕೆರೆಯ ಕುರಿಗಾರ ತಿಪ್ಪಣ್ಣನನ್ನು ತುಂಬಿದ ಕೋರ್ಟಿನಲ್ಲಿ ಕುಡುಕನನ್ನಾಗಿ ಮಾಡಿದೆ.

ವಕೀಲಿಕೆಗೆ ಬಂದ ಹೊಸತು. ನನ್ನ ಕಕ್ಷಿದಾರ ಹೊಳಲ್ಕೆರೆಯ ಮಂಡಿ ವ್ಯಾಪಾರಿ. ಐಮಂಗಲದ ಹತ್ತಿರ ಅವನ ಕಾರು ತಿಪ್ಪಣ್ಣನ ಹೆಂಡತಿ ಗಂಗಮ್ಮನಿಗೆ ಗುದ್ದಿ ಸೊಂಟ ಮುರಿದಿತ್ತು. ಕಾರು ಓಡಿಸುತ್ತಿದ್ದ ವ್ಯಾಪಾರಿಯ ರಕ್ತವನ್ನು ಪರೀಕ್ಷೆಗೆ ತೆಗೆದದ್ದು ಬಹಳ ತಡವಾಗಿ. ವರದಿಯಲ್ಲಿ ಏನೂ ಸಿಗಲಿಲ್ಲ. ಅವನು ಕುಡಿದಿದ್ದ ಎನ್ನಲು ಉಳಿದದ್ದು, ಆಗ ಹೆಂಡತಿಯ ಜೊತೆಗಿದ್ದ ತಿಪ್ಪಣ್ಣನ ಮಾತೊಂದೇ.

"ಎರಡೇ ಪೆಗ್ಗು ಮೇಡಂ," ಎಂದಿದ್ದ ವ್ಯಾಪಾರಿ, ನನ್ನೆದುರು ಕುಳಿತು. "ಬಾಯಿ ವಾಸ್ನೆ ಬಂತು ಅಂತಾನಂತೆ. ಏನ್ ಪೊಲೀಸ್ ನಾಯಿನಾ ಅವ್ನು?"

ನಾನು ನಗಲಿಲ್ಲ. ಕಡತದ ಫೋಟೋ ನೋಡುತ್ತಿದ್ದೆ. ಗಂಗಮ್ಮನ ತಲೆಯಿಂದ ಬಿದ್ದ ಗಂಟು ಬಿಚ್ಚಿ, ಆಗತಾನೇ ಕತ್ತರಿಸಿದ ಕುರಿಯ ತುಪ್ಪಟ ರಸ್ತೆಗೆ ಚೆಲ್ಲಿತ್ತು. ಬೇರೆ ವಕೀಲರಿಗೆ ಅದು ಬರೀ ಉಣ್ಣೆ. ಹೊಸದುರ್ಗದ ಕಡೆ ನಮ್ಮ ಹಟ್ಟಿಯಲ್ಲೂ ತುಪ್ಪಟ ಕತ್ತರಿಸುವ ದಿನ ದೇವರಿಗೆ ಹೆಂಡ ಇಟ್ಟು, ಮುಚ್ಚಳದಲ್ಲಿ ಎಲ್ಲರ ನಾಲಿಗೆಗೂ ತೀರ್ಥದಂತೆ ಬಿಡುತ್ತಾರೆ. ನನ್ನಪ್ಪನೂ ಕುರಿ ಕಾಯುವವನೇ. ಅದನ್ನು ಕಾಲೇಜಿನಲ್ಲಾಗಲಿ, ಚಿತ್ರದುರ್ಗದ ಆಫೀಸಿನಲ್ಲಾಗಲಿ ಯಾರಿಗೂ ಹೇಳಿರಲಿಲ್ಲ.

ಹಿರಿಯೂರಿನ ಕೋರ್ಟಿನಲ್ಲಿ ತಿಪ್ಪಣ್ಣ ಕಟಕಟೆ ಹಿಡಿದು ನಿಂತಿದ್ದ.

"ಅವತ್ತು ತುಪ್ಪಟ ಕತ್ತರಿಸಿದ್ರಾ?"

"ಹೂನವ್ವ."

"ಹೆಂಡ ಕುಡಿದಿದ್ರಾ?"

ದೇವರದ್ದು ನಾಲಿಗೆಗೆ ಬಿದ್ದ ಮೇಲೆ ಇಲ್ಲವೆನ್ನಲು ಅವನಿಂದಾಗದು — ಅದೂ ನನಗೆ ಗೊತ್ತಿತ್ತು.

"ಅದು ದೇವ್ರುದು ತಾಯಿ. ಮುಚ್ಚಳದಾಗೆ ಒಂದೀಟು—"

"ಕುಡಿದಿದ್ರೋ ಇಲ್ವೋ? ಅಷ್ಟೇ ಹೇಳಿ."

"ಹೂಂ."

"ಅವ್ನ ವಾಸ್ನೆ ಅವ್ನಿಗೇ ಹೊಡ್ದೈತೆ ಬಿಡ್ರಿ," ಎಂದರು ಹಿಂದಿನ ಬೆಂಚಿನಲ್ಲಿ ಯಾರೋ. ನಗು ಹರಡಿತು. ತಿಪ್ಪಣ್ಣ ನನ್ನನ್ನೇ ನೋಡುತ್ತಿದ್ದ.

"ಯಾರ ಮಗ್ಳವ್ವಾ ನೀನು?"

ಕಡತ ಮುಚ್ಚಿ ಕುಳಿತೆ.

ವ್ಯಾಪಾರಿ ಬಿಡುಗಡೆಯಾದ. ಅವನ ಪರ ನಿಂತದ್ದಕ್ಕಲ್ಲ ಈ ಸಂಕಟ; ಯಾರಾದರೂ ನಿಲ್ಲಲೇಬೇಕಿತ್ತು. ವರದಿಯನ್ನೇ ಹಿಡಿದು ವಾದಿಸಬಹುದಿತ್ತು. ನಾನು ನಮ್ಮ ದೇವರ ಮುಂದಿನದನ್ನು ಎತ್ತಿಕೊಂಡು ಹೋಗಿ — ಈ ವಾಕ್ಯ ಮುಗಿಸಲು ನನಗೆ ಇನ್ನೂ ಆಗುತ್ತಿಲ್ಲ. ಇಷ್ಟು ವರ್ಷಗಳಾದರೂ, ಸಾಕ್ಷಿಯ ಹೆಸರು ಕೂಗಿದಾಗಲೆಲ್ಲ ನನಗೆ ಕೇಳಿಸುವುದು ತಿಪ್ಪಣ್ಣನ ಆ ಪ್ರಶ್ನೆ.

ಈ ಸಲ ತುಪ್ಪಟ ಕತ್ತರಿಸಿದ ದಿನ ಹಟ್ಟಿಯಲ್ಲಿದ್ದೆ. ಅಪ್ಪ ಮುಚ್ಚಳವನ್ನು ನನ್ನ ಬಾಯಿಯ ಹತ್ತಿರ ತಂದ. ನಾನು ಬಾಯಿ ತೆರೆಯಲಿಲ್ಲ.

"ಯಾಕವ್ವಾ, ಲಾಯರಮ್ಮಂಗೆ ದೇವ್ರುದೂ ಬ್ಯಾಡೇನು?" ಎಂದು ನಕ್ಕ.

ಎಲ್ಲವನ್ನೂ ಹೇಳಿದೆ. ಅಪ್ಪ ಮುಚ್ಚಳದಲ್ಲಿದ್ದದ್ದನ್ನು ಮೆಲ್ಲಗೆ ನೆಲಕ್ಕೆ ಬಿಟ್ಟ.

"ನನ್ ಹೆಸ್ರು ಹೇಳಾಕೆ ಅಷ್ಟು ನಾಚ್ಕೆ ಆತೇನವ್ವಾ?"

ಮರುದಿನ ಬೆಳಿಗ್ಗೆ ಹಿರಿಯೂರಿಗೆ ಹೋಗಿ, ಅಲ್ಲಿಂದ ಯಲ್ಲದಕೆರೆಯ ಬಸ್ಸು ಹತ್ತಿದೆ. ಗಂಗಮ್ಮ ಕೋಲೂರಿಕೊಂಡು ಬಾಗಿಲಿಗೆ ಬಂದಳು. ಅಂಗಳದಲ್ಲಿದ್ದ ತಿಪ್ಪಣ್ಣ ತಲೆಯೆತ್ತಿದ. ‘ಕುಂತ್ಕೊ’ ಎನ್ನಲಿಲ್ಲ. ನಿಂತಲ್ಲಿಂದಲೇ ಹೇಳಿದೆ:

"ಹೊಸದುರ್ಗದ ಕಡೇಳು ನಾನು. ಕುರಿ ಕರಿಯಪ್ಪನ ಮಗ್ಳು."