ಖಂಡೆಪೂಜೆಗೆ ಬಂದ ಗುರಾಣಿ

ಹೊಸ ಕಾರಿನ ಸೀಟಿನ ಚರ್ಮದ ವಾಸನೆ ನಿಮಗೂ ಗೊತ್ತಿರಬೇಕು. ಇವತ್ತು ಬೆಳಿಗ್ಗೆ ಪೂಜೆಗೆಂದು ಕಾರು ಒರೆಸುವಾಗ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಥೆಂಬಾ ಅವರ ಗುರಾಣಿ ನೆನಪಾಯಿತು.

ಅಮೆರಿಕದ ಫ್ರೀಮಾಂಟಿನಲ್ಲಿ ಥೆಂಬಾ ನಮ್ಮ ಪಕ್ಕದ ಮನೆಯವರು. ದಕ್ಷಿಣ ಆಫ್ರಿಕಾದ ಜುಲು ಜನಾಂಗದ ಹಿರಿಯರು. ನಮ್ಮ ಧಾರವಾಡದ ಕಡೆ ಆಯುಧಪೂಜೆಗೆ ಖಂಡೆಪೂಜೆ ಎನ್ನುತ್ತಾರೆ. ಖಂಡೆ ಎಂದರೆ ಕತ್ತಿ. ಕೆಲವು ವರ್ಷಗಳ ಹಿಂದೆ ಅವರನ್ನು ಹಬ್ಬಕ್ಕೆ ಕರೆಯುವಾಗ, ಇಂಗ್ಲಿಷಿನ ಹುರುಪಿನಲ್ಲಿ, "ನಾಳೆ ಆಯುಧಗಳನ್ನು ಪೂಜಿಸುತ್ತೇವೆ" ಎಂದುಬಿಟ್ಟೆ. ನಮ್ಮ ಆಯುಧಗಳೆಂದರೆ ಲ್ಯಾಪ್‌ಟಾಪು, ಮಿಕ್ಸರು, ಈರುಳ್ಳಿ ಹೆಚ್ಚುವ ಚಾಕು ಎಂದು ಹೇಳುವುದನ್ನು ಮರೆತೆ. ಮರುದಿನ ಅವರು ಆಳೆತ್ತರದ ಗುರಾಣಿ ಹೊತ್ತು ಬಂದರು. ಕಪ್ಪು ಚುಕ್ಕೆಗಳ ಬಿಳಿ ಚರ್ಮ, ರೋಮವೂ ಹಾಗೇ ಇತ್ತು.

"ದನದ ಚರ್ಮ ಕಣ್ರೀ! ದೇವ್ರ ಮುಂದೆ ಬೇಡ, ಗರಾಜಲ್ಲಿಡಿ" ಎಂದು ಹಬ್ಬಕ್ಕೆ ಬಂದಿದ್ದ ಬೆಂಗಳೂರಿನ ಡಾಕ್ಟರೊಬ್ಬರು ನನ್ನ ಕಿವಿಯಲ್ಲಿ ಉಸುರಿದರು. ಥೆಂಬಾಗೆ ಕನ್ನಡ ಬರದು, ಆದರೆ ಮುಖ ಓದಲು ಕನ್ನಡ ಯಾಕೆ ಬೇಕು? ಗುರಾಣಿಯನ್ನು ಎದೆಗವಚಿಕೊಂಡು ಬಾಗಿಲಲ್ಲೇ ನಿಂತರು. ನನ್ನದು ಅತ್ತ ದರಿ, ಇತ್ತ ಪುಲಿ.

ನಮ್ಮ ಜೊತೆಗಿದ್ದ ಅವ್ವ ಮಾತ್ರ ಅವರನ್ನು ಒಳಗೆ ಕರೆದು ಕೂರಿಸಿ ವಿಚಾರಿಸತೊಡಗಿದಳು. ನಾನು ದುಭಾಷಿ. ಬಿಳಿಯರ ಆಳ್ವಿಕೆಗೆ ಮೊದಲು ಜುಲು ರಾಜರ ಸೈನ್ಯದಲ್ಲಿ ಒಂದೊಂದು ದಂಡಿಗೆ ಒಂದೊಂದು ಬಣ್ಣದ ಗುರಾಣಿಯಂತೆ. ಎಳೆಯರಿಗೆ ಕಪ್ಪು, ನುರಿತವರಿಗೆ ಬಿಳಿ. ರಾಜ ಅಪ್ಪಣೆ ಕೊಡುವ ತನಕ ದಂಡಿನವರಿಗೆ ಮದುವೆಯಿಲ್ಲ. ಹೋರಿಯ ಕೋಡಿನ ಹಾಗೆ ಎರಡು ಕಡೆಯಿಂದ ಶತ್ರುವನ್ನು ಸುತ್ತುವರಿಯುವ ಬಗೆಯನ್ನು ಥೆಂಬಾ ಕೈಯಾಡಿಸಿ ತೋರಿಸಿದರು. ಅವ್ವ ಹಿಡಿದುಕೊಂಡದ್ದು ಬೇರೆಯದನ್ನೇ.

"ಲಗ್ನಕ್ಕೂ ರಾಜನ ಅಪ್ಪಣಿ ಬೇಕಿತ್ತಂತ? ಪಾಪ, ಆ ಹುಡುಗರ ಅವ್ವಂದಿರು ಎಷ್ಟು ಹಾದಿ ಕಾಯ್ತಿದ್ರೋ!"

ಆ ಗುರಾಣಿ ಯುದ್ಧ ಕಂಡದ್ದಲ್ಲ. ಮನೆಯ ಎತ್ತು ಮುಪ್ಪಾಗಿ ಸತ್ತಾಗ ಥೆಂಬಾ ಅವರ ತಾತ ಹಳೆಯ ಮಾದರಿಯಲ್ಲಿ ಮಾಡಿದ್ದು. ಎತ್ತಿನ ಹೆಸರನ್ನೂ ಹೇಳಿದರು. ಹಕ್ಕಿಯ ಮೊಟ್ಟೆ ಎಂದು ಅದರ ಅರ್ಥ, ಮೈಮೇಲಿನ ಚುಕ್ಕೆಗಳಿಗಾಗಿ.

"ನಮ್ಮಪ್ಪನ ಮನ್ಯಾಗೂ ಇಂಥಾದ್ದ ಒಂದು ಚುಕ್ಕಿ ಎತ್ತಿತ್ತು. ಅದು ಸತ್ತ ದಿನ ಅಪ್ಪ ಉಣ್ಣಲಿಲ್ಲ" ಎಂದ ಅವ್ವ, ಯಾರನ್ನೂ ಕೇಳದೆ ಮೊದಲ ಕುಂಕುಮವನ್ನು ಗುರಾಣಿಗೇ ಇಟ್ಟಳು. "ಖಂಡೆಪೂಜಿಗೆ ಖರೇ ಆಯುಧ ಇವತ್ತ ಬಂತು ನೋಡು." ಥೆಂಬಾ ಕಣ್ಣೊರೆಸಿಕೊಂಡರು. ಡಾಕ್ಟರು ಕೋಸಂಬರಿಯತ್ತ ಹೋದರು.

ಅಲ್ಲಿಂದೀಚೆ ಪ್ರತಿ ದಸರೆಗೂ ಗುರಾಣಿ ಬಂತು. ಕಳೆದ ಚಳಿಗಾಲದಲ್ಲಿ ಅವ್ವ ತೀರಿಕೊಂಡಳು. ಈಗಷ್ಟೇ ಥೆಂಬಾ ಬೇಲಿಯಾಚೆಯಿಂದ ಮೆಲ್ಲಗೆ ಕೇಳಿದರು: "ಈ ಸಲ ತರುವುದೋ, ಬೇಡವೋ? ಕುಂಕುಮ ಇಡುತ್ತಿದ್ದವರೇ ಇಲ್ಲವಲ್ಲ."

"ತನ್ನಿ, ನಾನಿಡುತ್ತೇನೆ" ಎಂದೆ. ಆ ಮಾತು ನನ್ನ ಬಾಯಿಂದ ಬಂದದ್ದು ಕೇಳಿ ನನಗೇ ಅಳು ಬಂತು.