ವೀಸಾದಲ್ಲಿ ಇಲ್ಲದ ನಿಯಮ

ಸುಮಾ, ಅಂಥ ನಿಯಮ ಯಾವ ವೀಸಾದಲ್ಲೂ ಇರಲಿಲ್ಲ. ನಾನು ಹೇಳಿದ್ದು ಸುಳ್ಳು. ಗೊತ್ತಿಲ್ಲದೆ ಹೇಳಿದ್ದಲ್ಲ — ಎಲ್ಲ ಗೊತ್ತಿದ್ದೂ, ನೀಮಾಳ ಮುಖ ನೋಡಿಕೊಂಡೇ ಹೇಳಿದ್ದು. ಆಸ್ಪತ್ರೆಯ ಲ್ಯಾಬಿನಲ್ಲಿ ನೀನು ಮಾಡಿದ ಆರು ತಿಂಗಳ ತರಬೇತಿ ಅವಳಿಗೆ ಸೇರಬೇಕಾದದ್ದು. ಅದರಿಂದ ಸಿಕ್ಕ ನೌಕರಿ, ಹನ್ನೆರಡು ವರ್ಷದಿಂದ ನೀನು ತೊಟ್ಟು ಓಡಾಡುತ್ತಿರುವ ಆ ಬಿಳಿ ಕೋಟು — ಎಲ್ಲವೂ ಅವಳದೇ.

ನಿನಗೆ ಗೊತ್ತಿರುವುದನ್ನೂ ಸೇರಿಸಿಯೇ ಹೇಳುತ್ತೇನೆ. ಇದನ್ನು ಬೇರೆಯವರೂ ಓದಬೇಕಾದೀತು. ಬನ್ನಿಮಂಟಪದ ಕಡೆಯ ಆ ಖಾಸಗಿ ಕಾಲೇಜಿನಲ್ಲಿ ನಾನು ಗುಮಾಸ್ತನಾಗಿದ್ದೆ. ಲ್ಯಾಬ್ ಟೆಕ್ನಿಷಿಯನ್ ಡಿಪ್ಲೊಮಾಕ್ಕೆ ನನ್ನ ಮಗಳಾದ ನೀನೂ ಅಲ್ಲೇ ಸೇರಿದೆ. ಆ ಕೋರ್ಸಿಗೆ ಸೇರಿದ ಮೊದಲ ವಿದೇಶಿ ವಿದ್ಯಾರ್ಥಿನಿ, ತಾಂಜಾನಿಯಾದಿಂದ ಬಂದ ನೀಮಾ ನಿನ್ನ ಬೆಂಚಿನಲ್ಲೇ ಕೂರುತ್ತಿದ್ದಳು. ಕೆಸರೆಯಲ್ಲಿ ಬಾಡಿಗೆ ಕೋಣೆ, ಮನೆ ಓನರಮ್ಮನಿಂದ ಕಲಿತ ಕನ್ನಡ. ಒಂದು ದಿನ ಕಚೇರಿಗೆ ಬಂದು "ಫಾರಂ ತಂದ್ಬುಟ್ಟೆ ಸಾರ್" ಅಂದಾಗ ನಾವೆಲ್ಲ ಬಿದ್ದು ಬಿದ್ದು ನಕ್ಕಿದ್ದೆವು. ಸೂಜಿ ಹಿಡಿದರೆ ನಿನ್ನ ಕೈ ನಡುಗುತ್ತಿದ್ದ ದಿನಗಳಲ್ಲಿ ತನ್ನ ತೋಳನ್ನೇ ಚಾಚಿ "ಚುಚ್ಚು, ನಂಗೇನಾಗಲ್ಲ" ಅಂದವಳು ಅವಳು. ನಾಲ್ಕು ಸಲ ತಪ್ಪಿ ಐದನೆಯ ಸಲ ರಕ್ತ ಬಂತೆಂದು ನೀನೇ ಮನೆಗೆ ಬಂದು ಹೇಳಿದ್ದೆ.

ಕೋರ್ಸಿನ ಕೊನೆಗೆ ಆರು ತಿಂಗಳು ತರಬೇತಿ. ಅದಿಲ್ಲದೆ ಡಿಪ್ಲೊಮಾ ಇಲ್ಲ. ಅಂಕದ ಪ್ರಕಾರ ಮೊದಲ ನಾಲ್ವರಿಗೆ ದೊಡ್ಡ ಆಸ್ಪತ್ರೆ, ಉಳಿದವರಿಗೆ ಊರಿನ ಸಣ್ಣಪುಟ್ಟ ಲ್ಯಾಬುಗಳು. ದೊಡ್ಡ ಆಸ್ಪತ್ರೆಯಲ್ಲಿ ಕಲಿತವರನ್ನು ಅವರೇ ಕೆಲಸಕ್ಕೆ ಇಟ್ಟುಕೊಳ್ಳುತ್ತಿದ್ದರು. ಪಟ್ಟಿ ಟೈಪು ಮಾಡಿದವನು ನಾನೇ. ನಾಲ್ಕನೆಯ ಹೆಸರು ನೀಮಾ. ಐದನೆಯದು ನಿನ್ನದು. ನಿನಗೆ ಈವರೆಗೂ ಆ ಪಟ್ಟಿ ತೋರಿಸಿಲ್ಲ.

ಆಸ್ಪತ್ರೆಯವರು ತರಬೇತಿಯವರಿಗೆ ತಿಂಗಳಿಗಿಷ್ಟೆಂದು ಸ್ಟೈಪೆಂಡು ಕೊಡುತ್ತಿದ್ದರು. ವಿದ್ಯಾರ್ಥಿ ವೀಸಾದಲ್ಲಿ ಬಂದವರು ಇಲ್ಲಿ ಸಂಪಾದನೆ ಮಾಡುವ ಹಾಗಿಲ್ಲ. ಹಾಗಾದರೆ ನೀಮಾಳನ್ನು ಕಳಿಸಬಹುದೇ? ಆ ಒಂದು ಅನುಮಾನ ಪರಿಹರಿಸಿಕೊಳ್ಳಲು ನಾನು ವಿದೇಶಿಯರ ಹೆಸರು ನೋಂದಾಯಿಸುವ ಕಚೇರಿಗೆ ಹೋಗಿದ್ದೆ. ಪ್ರಾಮಾಣಿಕವಾಗಿಯೇ ಹೋಗಿದ್ದೆ — ಹೋಗುವಾಗ. ಅಲ್ಲಿದ್ದವರು ಬಹಳ ಸಲೀಸಾಗಿ ಹೇಳಿದರು:

"ದುಡ್ಡು ಕೊಡಂಗಿಲ್ಲ, ಅಷ್ಟೇ ಕಣ್ರೀ. ಕೋರ್ಸಿಗೆ ಸೇರಿದ ಟ್ರೈನಿಂಗ್ ಅಂತ ಕಾಲೇಜಿಂದ ಒಂದು ಕಾಗ್ದ ತಂದ್ಕೊಡಿ, ಫೈಲಿಗೆ ಸೇರಿಸ್ಕೊಂಬುಡ್ತೀನಿ. ಕಲಿಯೋಕೆ ಯಾರ್ ಬೇಡ ಅಂತಾರೆ?"

ಒಂದು ಕಾಗದ. ನಾನೇ ಟೈಪು ಮಾಡಬೇಕಾದ, ಪ್ರಿನ್ಸಿಪಾಲರು ಕಣ್ಣು ಮುಚ್ಚಿ ಸಹಿ ಹಾಕುವ ಕಾಗದ. ವಾಪಸ್ ಬರುವಾಗ ಬಸ್ಸಿನಲ್ಲಿ ಕೂತು ಯೋಚಿಸಿದೆ — ನಾನು ಬರೆಯದಿದ್ದರೆ? ವಿದ್ಯಾರಣ್ಯಪುರಂ ಬರುವಷ್ಟರಲ್ಲಿ ತೀರ್ಮಾನವಾಗಿತ್ತು. ಸೈತಾನ ಹೊಕ್ಕಿದ್ದ ಎಂದೆಲ್ಲ ಹೇಳುವುದಿಲ್ಲ. ತಲೆ ಸ್ಪಷ್ಟವಾಗಿತ್ತು.

ಮಾರನೆಯ ಬೆಳಿಗ್ಗೆ ಎಂದಿನಂತೆ ಲಿಂಗಪೂಜೆ ಮಾಡಿ, ಹಣೆಗೆ ಮೂರು ಬೆರಳು ವಿಭೂತಿ ಬಳಿದುಕೊಂಡು ಹೋದೆ. ನೀಮಾ ಬಂದು ನಿಂತಳು. ನಾನು ಹೇಳಿದೆ:

"ವೀಸಾ ರೂಲ್ಸಲ್ಲಿ ಟ್ರೈನಿಂಗಿಗೆ ಅವಕಾಶ ಇಲ್ಲ ಕಣಮ್ಮ. ಮಾಡಿದ್ರೆ ಊರಿಗೆ ಕಳಿಸ್ಬುಡ್ತಾರೆ."

"ಚಿಕ್ಕ ಲ್ಯಾಬಲ್ಲೂ ಆಗಲ್ವಾ ಸಾರ್?"

ಈ ಪ್ರಶ್ನೆ ಬರುತ್ತದೆಂದು ನಾನು ಎಣಿಸಿರಲಿಲ್ಲ. ನನಗೆ ಬೇಕಿದ್ದದ್ದು ಒಂದು ಜಾಗ, ಆ ದೊಡ್ಡ ಆಸ್ಪತ್ರೆಯದು ಮಾತ್ರ. ಆದರೆ ದೊಡ್ಡದರಲ್ಲಿ ಬೇಡ, ಚಿಕ್ಕದರಲ್ಲಿ ಸರಿ ಅನ್ನುವ ರೂಲ್ಸು ಯಾವ ದೇಶದಲ್ಲಿದೆ? ಸುಳ್ಳು ಉಳಿಯಬೇಕಾದರೆ ಪೂರ್ತಿ ಹೇಳಬೇಕಿತ್ತು. "ಎಲ್ಲೂ ಆಗಲ್ಲ" ಅಂದುಬಿಟ್ಟೆ. ಅವಳ ಡಿಪ್ಲೊಮಾ ಹೋದದ್ದು ಆ ಎರಡು ಪದಗಳಲ್ಲಿ.

ಅವಳು ನಂಬಿದಳು. ನಂಬದೆ ಏನು ಮಾಡಿಯಾಳು? ಅದೇ ತಿಂಗಳು, ಸಂಜೆ ಹೊತ್ತು ಕಂಪ್ಯೂಟರ್ ಅಂಗಡಿಯಲ್ಲಿ ಸಂಬಳಕ್ಕೆ ದುಡಿಯುತ್ತಿದ್ದ ವಿದೇಶಿ ವಿದ್ಯಾರ್ಥಿಯೊಬ್ಬನನ್ನು ಆ ನೋಂದಣಿ ಕಚೇರಿಯವರು ಕರೆಸಿ ಎಚ್ಚರಿಕೆ ಕೊಟ್ಟಿದ್ದರು. ಹೊರದೇಶದಿಂದ ಬಂದ ವಿದ್ಯಾರ್ಥಿಗಳೆಲ್ಲ ಹೆದರಿ ಮುದುಡಿದ್ದರು. ಆ ಹೆದರಿಕೆಯ ಮೇಲೆ ನಾನು ನನ್ನ ಸುಳ್ಳನ್ನು ಸಲೀಸಾಗಿ ಇಟ್ಟೆ. ಅವಳು ಅಂದದ್ದು ಇದು:

"ನೀವ್ ಹೇಳಿದ್ದು ಒಳ್ಳೇದಾಯ್ತು ಸಾರ್. ಇಲ್ಲಾಂದ್ರೆ ಸಿಕ್ಕಾಕೊಂಬುಡ್ತಿದ್ದೆ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ. ಅವಳು ಉಪಕಾರ ಸ್ಮರಣೆ ಮಾಡಿದಳು! ನಾನು ಟೈಪ್‌ರೈಟರಿಗೆ ಹಾಳೆ ಏರಿಸಿ ಟಿಪ್ಪಣಿ ಹೊಡೆದೆ — "ವೀಸಾ ನಿಯಮದಂತೆ ವಿದೇಶಿ ವಿದ್ಯಾರ್ಥಿಗಳಿಗೆ ತರಬೇತಿಗೆ ಅವಕಾಶವಿಲ್ಲವಾದ್ದರಿಂದ ಮುಂದಿನ ಅರ್ಹರನ್ನು ಕಳುಹಿಸಬಹುದು." ಪ್ರಿನ್ಸಿಪಾಲರು "ಹೌದೇನ್ರೀ?" ಅಂದರು. "ಹೌದು ಸಾರ್" ಅಂದೆ. ಮುಂದಿನ ಅರ್ಹಳು ನೀನು.

ಊರಿಗೆ ಹೊರಡುವ ಮುಂಚೆ ಅವಳು ನಮ್ಮ ಮನೆಗೆ ಬಂದದ್ದು ನಿನಗೆ ನೆನಪಿರಬೇಕು. ನಿಮ್ಮಮ್ಮ ಒಬ್ಬಟ್ಟು ಕಟ್ಟಿಕೊಟ್ಟಳು. ನೀನು ಹೇಳಿಕೊಟ್ಟಿದ್ದೆಯೋ ಏನೋ, ಅವಳು ಬಗ್ಗಿ ನನ್ನ ಕಾಲು ಮುಟ್ಟಿದಳು. "ಒಳ್ಳೇದಾಗ್ಲಿ" ಅಂದೆ. ಒಳ್ಳೆಯದಾಗದಂತೆ ನೋಡಿಕೊಂಡವನು ನಾನೇ, ಹರಸಿದವನೂ ನಾನೇ. ನನ್ನಂಥ ಬೇವಾರ್ಸಿ ಇನ್ನೊಬ್ಬನಿದ್ದಾನೆಯೇ ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ.

ಅವಳಿಂದ ಕಾಲೇಜಿಗೆ ಎರಡು ಕಾಗದ ಬಂದವು. ತನ್ನೂರಿನ ಆಸ್ಪತ್ರೆಯಲ್ಲಿ ತರಬೇತಿ ಮುಗಿಸಿ ಅದರ ಪ್ರಮಾಣಪತ್ರ ಇಟ್ಟು, ಡಿಪ್ಲೊಮಾ ಕೊಡಿ ಎಂದು ಮೊದಲನೆಯದರಲ್ಲಿ ಕೇಳಿದ್ದಳು. ನಮ್ಮ ಪಟ್ಟಿಯಲ್ಲಿರುವ ಆಸ್ಪತ್ರೆಯಲ್ಲೇ ಆಗಬೇಕು, ವಿಷಾದಿಸುತ್ತೇವೆ ಎಂದು ಉತ್ತರ ಹೋಯಿತು. ವಿಷಾದ ಟೈಪು ಮಾಡಿದವನೂ ನಾನೇ. ಎರಡನೆಯದರಲ್ಲಿ ಏನೂ ಕೇಳಿರಲಿಲ್ಲ. ಅದೇ ಆಸ್ಪತ್ರೆಯ ಲ್ಯಾಬಿನಲ್ಲಿ ಗಾಜಿನ ಟ್ಯೂಬು ತೊಳೆಯುವ ಕೆಲಸ ಸಿಕ್ಕಿದೆ, ಸುಮಾಳಿಗೆ ನೌಕರಿಯಾಯಿತೇ, ಅವಳಿಗೆ ನನ್ನ ನೆನಪು ಹೇಳಿ — ಇಷ್ಟೇ. ನಾನು ಹೇಳಲಿಲ್ಲ. ನೀಮಾ ಯಾಕೆ ಬರೆಯಲಿಲ್ಲವೋ ಎಂದು ನೀನು ಬೇಸರ ಮಾಡಿಕೊಂಡಾಗ "ಮರ್ತಿರ್ಬೇಕು ಬುಡು" ಅಂದೆ. ಸ್ನೇಹಕ್ಕೂ ಕಲ್ಲು ಹಾಕಿದೆ.

ಅಲ್ಲಿಗೂ ಮುಗಿಯಲಿಲ್ಲ. ಕಚೇರಿಯಲ್ಲಿ ಒಮ್ಮೆ ಕಡತಕ್ಕೆ ಹೋದದ್ದನ್ನು ಯಾರು ಪ್ರಶ್ನಿಸುತ್ತಾರೆ? ಹೊಸ ಪ್ರಿನ್ಸಿಪಾಲರು ಬಂದರು, ಹಿಂದಿನ ಟಿಪ್ಪಣಿ ನೋಡಿದರು, ಹಾಗೇ ನಡೆಸಿ ಅಂದರು. ಒಬ್ಬಳ ಜಾಗಕ್ಕಾಗಿ ಹೇಳಿದ ಸುಳ್ಳು ಕಾಲೇಜಿನ ಪದ್ಧತಿಯಾಯಿತು. ಪ್ರತಿ ವರ್ಷ ಒಬ್ಬರೋ ಇಬ್ಬರೋ ನನ್ನ ಮೇಜಿನ ಮುಂದೆ ನಿಂತು, ಕೇಳಿ, ತಲೆ ತಗ್ಗಿಸಿ ಹೋದರು. ಅವರ ಜಾಗದಲ್ಲಿ ನನಗೆ ಬೇಕಾದವರು ಯಾರೂ ಇರಲಿಲ್ಲ. ಆದರೂ ಹೇಳಿದೆ — ಒಬ್ಬರಿಗೆ ನಿಜ ಹೇಳಿದ್ದರೆ ನೀಮಾಳ ಕಡತ ತೆರೆಯಬೇಕಾಗುತ್ತಿತ್ತು. ನಿವೃತ್ತಿಯ ದಿನ ಹಾರ ಹಾಕಿ, ರೂಲ್ಸು ಬಾಯಿಪಾಠ ಇದ್ದ ಮನುಷ್ಯ ಎಂದು ಹೊಗಳಿದರು. ನಗಬೇಕೋ ಅಳಬೇಕೋ.

ಹೋದ ಸೋಮವಾರ ನೀನು ಡ್ಯೂಟಿ ಮುಗಿಸಿ ಕಾಫಿಗೆ ಬಂದೆ. ಲೋಟ ಕೆಳಗಿಡುತ್ತ ಅಂದೆ:

"ಅಪ್ಪಾಜಿ, ಕೀನ್ಯಾದ ಹುಡುಗಿ ಒಬ್ಳು ಟ್ರೈನಿಂಗ್ ಕೇಳ್ಕೊಂಡು ಬಂದಿದ್ಲು. ಬೇರೆ ಕಾಲೇಜಿನವಳು. ಈಗ ಸೇರಿಸ್ಕೊಳೋದು ನಾನೇ ಅಲ್ವಾ — ವೀಸಾದಲ್ಲಿ ಆಗಲ್ಲ ಕಣಮ್ಮ ಅಂತ ವಾಪಸ್ ಕಳಿಸ್ಬುಟ್ಟೆ. ಪಾಪ, ಅತ್ತೇ ಬುಟ್ಳು. ನೀಮಾ ನೆನಪಾದ್ಲು."

ಆಗಲೇ ಹೇಳಬೇಕಿತ್ತು. ಬಾಯಿ ತೆರೆದೆ ಕೂಡ. ಬಂದದ್ದು "ಹೂಂ" ಮಾತ್ರ. ಹನ್ನೆರಡು ವರ್ಷದ ಹಿಂದೆ ಮಗಳ ಭವಿಷ್ಯ ಎಂದಾದರೂ ಒಂದು ನೆಪವಿತ್ತು. ಸೋಮವಾರ ಇದ್ದದ್ದು ನಿನ್ನ ಕಣ್ಣಲ್ಲಿ ಸಣ್ಣವನಾಗುವ ಭಯ ಒಂದೇ. ನಿನ್ನ ಬಾಯಲ್ಲಿ ನನ್ನ ಸುಳ್ಳು, ಅದೂ ಅಷ್ಟು ಮರುಕದಿಂದ — ಅದನ್ನು ಕೇಳಿಯೂ ನಾನು ಕಾಫಿ ಕುಡಿದು ಮುಗಿಸಿದೆ.

ಕ್ಷಮಿಸು ಎಂದು ಕೇಳುವುದಿಲ್ಲ. ಕ್ಷಮಿಸುವ ಹಕ್ಕು ನಿನ್ನದಲ್ಲ, ಅವಳದು. ಟಿಪ್ಪಣಿ ಸುಳ್ಳೆಂದು ಬರೆದು ಸಹಿ ಹಾಕಿ ಕಾಲೇಜಿಗೆ ಕೊಡುತ್ತೇನೆ. ನೀಮಾಳ ವಿಳಾಸಕ್ಕೂ ಬರೆಯುತ್ತೇನೆ, ಅವಳು ಇನ್ನೂ ಅಲ್ಲಿದ್ದರೆ. ಆದರೆ ಮೊದಲು ಆ ಕೀನ್ಯಾದ ಹುಡುಗಿಯನ್ನು ವಾಪಸ್ ಕರೆಸು. ದುಡ್ಡು ತೆಗೆದುಕೊಳ್ಳದೆ ಕಲಿಯಬಹುದು, ಅವಳ ಕಾಲೇಜಿನಿಂದ ಒಂದು ಕಾಗದ ಸಾಕು ಎಂದು ಹೇಳು. ಮೊನ್ನೆ ಯಾಕೆ ಇಲ್ಲವೆಂದಿರಿ ಎಂದು ಅವಳು ಕೇಳುತ್ತಾಳೆ. ನನಗೆ ತಪ್ಪು ಮಾಹಿತಿ ಇತ್ತು ಎಂದು ತೇಲಿಸಬೇಡ, ಸುಮಾ. ನಮ್ಮಪ್ಪ ಸುಳ್ಳು ಹೇಳಿದ್ದರು ಎಂದೇ ಹೇಳು. ನೀನು ಹಾಗೆ ಹೇಳುವಾಗ ನಾನು ನಿನ್ನ ಪಕ್ಕದಲ್ಲೇ ನಿಂತಿರುತ್ತೇನೆ.