ಪ್ರತಿ ಸೋಮವಾರ ಸಾಯುತ್ತಿದ್ದ ಮೇಜರ್

ಮೇಜರ್ ಅವರ ಕೈಗಡಿಯಾರದ ಮುಖ ಯಾವಾಗಲೂ ಮಣಿಕಟ್ಟಿನ ಒಳಭಾಗಕ್ಕೆ ತಿರುಗಿರುತ್ತಿತ್ತು. ಬಿಸಿಲಿಗೆ ಗಾಜು ಮಿನುಗಿದರೆ ಶತ್ರುವಿಗೆ ಗುರಿ ಸಿಗುತ್ತದೆಂದು ಸೈನ್ಯದಲ್ಲಿ ಕಲಿತದ್ದು. ಅಮೆರಿಕದ ಬೆರ್ರಿಯೆಸಾದಲ್ಲಿದ್ದ ನಮ್ಮ ಆಫೀಸಿಗೆ ಕಿಟಕಿಯೇ ಇರಲಿಲ್ಲ. ಆದರೂ ಅವರು ಗಡಿಯಾರವನ್ನು ಹೊರಮುಖವಾಗಿ ಕಟ್ಟಲಿಲ್ಲ.

ಎಂಬತ್ತರ ದಶಕದ ನಡುವೆ ನಾನು ಅಲ್ಲಿ, ಕಂಪ್ಯೂಟರ್ ಡಿಸ್ಕ್ ತಯಾರಿಸುವ ಕಂಪನಿಯೊಂದರ ಪರೀಕ್ಷಾ ವಿಭಾಗದಲ್ಲಿದ್ದೆ. ಮೇಜರ್ ನಮ್ಮ ಆರು ಜನರ ಮ್ಯಾನೇಜರು. ಮೈಸೂರಿನವರು, ನಿವೃತ್ತರಾಗಿ, ಡಾಕ್ಟರಾಗಿದ್ದ ಹೆಂಡತಿಯ ಜೊತೆ ಇಲ್ಲಿಗೆ ಬಂದವರು. ಊಟದ ಸಾಲಿನಲ್ಲಿ ಕೊನೆಗೆ ನಿಲ್ಲುತ್ತಿದ್ದರು. ಬೈಯುವಾಗ ಬಾಗಿಲು ಮುಚ್ಚುತ್ತಿದ್ದರು, ಹೊಗಳುವಾಗ ತೆರೆದಿಡುತ್ತಿದ್ದರು.

ಸೋಮವಾರದ ಮೀಟಿಂಗಿನ ಮಧ್ಯೆ ಇದ್ದಕ್ಕಿದ್ದಂತೆ ಪೆನ್ನು ಕೆಳಗಿಟ್ಟು, "ಐ ಆಮ್ ಡೆಡ್" ಎನ್ನುತ್ತಿದ್ದರು. ಯಾರ ಕಡೆ ಬೆರಳು ತೋರಿಸಿದರೋ ಆ ಕ್ಷಣದಿಂದ ಅವರೇ ಮುಖ್ಯಸ್ಥರು. ಮುಂದಿನ ಇಪ್ಪತ್ತು ನಿಮಿಷ ಮೇಜರ್ ತುಟಿ ಬಿಚ್ಚಬಾರದು.

ಒಮ್ಮೆ ಮಂಡ್ಯದ ಸಹೋದ್ಯೋಗಿ, "ಸಾರ್, ಸತ್ತೋರು ಕಾಫಿ ಕುಡಿಯಂಗಿಲ್ಲ" ಎಂದು ಅವರ ಲೋಟ ಎತ್ತಿಕೊಂಡ.

"ಹೆಣದ ಹತ್ರ ಏನಯ್ಯಾ ಮಾತು? ಮೀಟಿಂಗ್ ನಡ್ಸು."

"ನೋಡಿ, ಹೆಣ ಮಾತಾಡ್ತು."

ಇದೆಲ್ಲ ಯಾಕೆಂದು ನಾನು ಕೇಳಿದ್ದೆ. "ಗುಂಡು ತಗಲಿ ಆಫೀಸರ್ ಬಿದ್ದ ತಕ್ಷಣ ಹುಡುಗ್ರು ನಿಂತುಹೋದ್ರೆ, ತಪ್ಪು ಆಫೀಸರ್‌ದು ಕಣಯ್ಯಾ" ಎಂದಿದ್ದರು.

ಮೀಟಿಂಗಿನ ವರದಿ ಬರೆಯುವ ಕೆಲಸ ನನ್ನದು. ಕಂಡದ್ದನ್ನಷ್ಟೇ ಬರೆಯುತ್ತಿದ್ದೆ: ಮುಖ್ಯಸ್ಥರು ಇಪ್ಪತ್ತು ನಿಮಿಷ ಭಾಗವಹಿಸಲಿಲ್ಲ, ಯಾವ ಕೆಲಸವೂ ನಿಲ್ಲಲಿಲ್ಲ. ಮೇಜರ್ ಓದಿ ಸಹಿ ಹಾಕಿದ ಮೇಲೆ ಅದು ಡೈರೆಕ್ಟರಿಗೆ ಹೋಗುತ್ತಿತ್ತು.

ಆರ್ಡರುಗಳು ಕಡಿಮೆಯಾಗಿ, ಕಂಪನಿ ಜನರನ್ನು ತೆಗೆಯತೊಡಗಿತು. ಅಂಥ ಒಂದು ಸೋಮವಾರ ಮೇಜರ್ ಪೆನ್ನು ಕೆಳಗಿಟ್ಟು ನನ್ನ ಕಡೆ ಬೆರಳು ತೋರಿಸಿದರು. ಇಪ್ಪತ್ತು ನಿಮಿಷ ಕಳೆಯಿತು. ಅವರು ಪೆನ್ನು ಎತ್ತಿಕೊಳ್ಳಲಿಲ್ಲ.

"ಸಾರ್, ಟೈಮ್ ಆಯ್ತು."

ಮಣಿಕಟ್ಟು ತಿರುಗಿಸಿ ನೋಡಿದರು. "ನೀನು ಮುಂದುವರ್ಸು. ಇವತ್ತು ಡ್ರಿಲ್ ಅಲ್ಲ, ನಿಜವಾದ್ದೇ." ಕುರ್ಚಿಯ ಪಕ್ಕದಲ್ಲಿ ಅವರ ಸಾಮಾನಿನ ಪೆಟ್ಟಿಗೆ ಆಗಲೇ ಸಿದ್ಧವಿತ್ತು.

ಮಧ್ಯಾಹ್ನ ಡೈರೆಕ್ಟರು ಕರೆದರು. ಮೇಜಿನ ಮೇಲೆ ನನ್ನ ವರದಿಗಳಿದ್ದವು. ಮೇಜರ್ ಇಲ್ಲದೆಯೂ ಕೆಲಸ ನಡೆಯುತ್ತದೆಂದು ನೀವೇ ಬರೆದಿದ್ದೀರಲ್ಲ, ಅದಕ್ಕೇ ಅವರನ್ನು ತೆಗೆದೆವು ಎಂದರು. ಆ ಕುರ್ಚಿಯನ್ನು ನನಗೆ ಕೊಟ್ಟರು. ನನ್ನ ಗ್ರೀನ್ ಕಾರ್ಡಿನ ಅರ್ಜಿ ಆ ಕಂಪನಿಯ ಕೈಯಲ್ಲಿತ್ತು. ಕೆಲಸ ಬಿಟ್ಟರೆ ಅರ್ಜಿ ಬಿದ್ದುಹೋಗುತ್ತಿತ್ತು, ಸಂಸಾರ ಸಮೇತ ದೇಶ ಬಿಡಬೇಕಾಗುತ್ತಿತ್ತು. ಒಪ್ಪಿಕೊಂಡೆ.

ಶನಿವಾರ ಸ್ಯಾನ್ ರಮೋನ್ ಊರಿನಲ್ಲಿದ್ದ ಮೇಜರ್ ಮನೆಗೆ ಹೋಗಿ, ನನ್ನ ವರದಿಯಿಂದಲೇ ಹೀಗಾಯಿತೆಂದು ಹೇಳಿದೆ.

"ಬರ್ದಿದ್ದು ಸುಳ್ಳಾ?"

"ಅಲ್ಲ ಸಾರ್."

"ನಾನು ಓದಿ ತಾನೇ ಸಹಿ ಹಾಕಿದ್ದು? ಕೂತ್ಕೋ, ಊಟ ಮಾಡು."

ನನಗೆ ಬಡಿಸಿದರು, ಹೆಂಡತಿಗೆ ಬಡಿಸಿದರು, ಕೊನೆಗೆ ತಾವು ಬಡಿಸಿಕೊಂಡರು.

ನನ್ನ ಕಾರ್ಡು ಬರುವ ಮೊದಲೇ ಅವರು ಹೃದಯಾಘಾತದಿಂದ ತೀರಿಕೊಂಡರು. ನಾನು ಆ ಕುರ್ಚಿಯಲ್ಲಿ ನಾಲ್ಕು ವರ್ಷ ಕೂತೆ. ಅವರಿಂದ ಕಲಿತಂತೆ ಊಟದ ಸಾಲಿನಲ್ಲಿ ಕೊನೆಗೆ ನಿಂತೆ, ಬಾಗಿಲು ಮುಚ್ಚಿ ಬೈದೆ, ತೆರೆದು ಹೊಗಳಿದೆ. ಆದರೆ ವರದಿ ಬರೆಯುವ ಕೆಲಸವನ್ನು ಬೇರೆ ಯಾರಿಗೂ ಬಿಡಲಿಲ್ಲ. ಒಂದು ಸೋಮವಾರವೂ ಪೆನ್ನು ಕೆಳಗಿಡಲಿಲ್ಲ.